ಕಡ್ಡಿಯಂಥ ಹುಡುಗನ ಲಿಪಿಡ್ ರಿಪೋರ್ಟು

2025ರ ಜುಲೈನ ಒಂದು ಭಾನುವಾರ ಚನ್ನರಾಯಪಟ್ಟಣದಿಂದ ಅಕ್ಕ ಫೋನ್ ಮಾಡಿದಳು. ಫೋನಿಗೆ ಮೊದಲೇ ವಾಟ್ಸಾಪಿನಲ್ಲಿ ಎರಡು ಪಿಡಿಎಫ್ ಬಂದು ಬಿದ್ದಿದ್ದವು. ಊರಿನ ಲ್ಯಾಬೊಂದು 'ಹಾರ್ಟ್ ಪ್ಯಾಕೇಜ್' ಅಂತ ಬೋರ್ಡ್ ಹಾಕಿತ್ತಂತೆ. ಅಕ್ಕ ತಾನೂ ರಕ್ತ ಕೊಟ್ಟು, ಎಂಟು ವರ್ಷದ ಮಗನಿಗೂ ಕೊಡಿಸಿದ್ದಳು. ಭಾವ ಮಾತ್ರ "ನಂಗೇನಾಗಿದೆ" ಅಂತ ರಕ್ತ ಕೊಟ್ಟಿರಲಿಲ್ಲ.

"ನೋಡೋ, ಇವನದ್ದು ಎಲ್ಲಾ ನಾರ್ಮಲ್ ಅಂತಿದೆ. ಎಚ್‌ಡಿಎಲ್ ಒಂದು ಕಮ್ಮಿ ತೋರಿಸ್ತಿದೆ. ಕೊಲೆಸ್ಟ್ರಾಲ್ ಕಮ್ಮಿ ಇದ್ರೆ ಒಳ್ಳೇದೇ ಅಲ್ವಾ?"

ಹುಡುಗನ ಲಿಪಿಡ್, ಅಂದರೆ ರಕ್ತದ ಕೊಬ್ಬಿನ, ರಿಪೋರ್ಟು ತೆರೆದು ನೋಡಿದೆ. ಒಟ್ಟು ಕೊಲೆಸ್ಟ್ರಾಲ್ 148. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 86. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ, ಕಮ್ಮಿ ಇರಬಾರದ ಎಚ್‌ಡಿಎಲ್ 36, ಅದರ ಪಕ್ಕ ಇಂಗ್ಲಿಷಿನ 'ಎಲ್' ಅಕ್ಷರ, ಅಂದರೆ ಕಮ್ಮಿ. ರಕ್ತದಲ್ಲಿ ಸುತ್ತುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 132, ಅದರ ಪಕ್ಕ ಯಾವ ಗುರುತೂ ಇಲ್ಲ. ಯಾಕೆಂದರೆ ಬಲಗಡೆ ಕಾಲಂನಲ್ಲಿ ಅಚ್ಚಾಗಿದ್ದ ಮಿತಿ 150. ಆ 150 ದೊಡ್ಡವರದ್ದು. ಎಂಟು ವರ್ಷದ ಹುಡುಗನಿಗೆ ಟ್ರೈಗ್ಲಿಸರೈಡ್ 100 ಮುಟ್ಟಿದರೇ ಜಾಸ್ತಿ ಎಂದು ಲೆಕ್ಕ. ಅಂದರೆ ಗುರುತು ಬೀಳಬೇಕಾಗಿದ್ದ ಎರಡು ಅಂಕಿಗಳಲ್ಲಿ ಒಂದಕ್ಕೆ ಬಿದ್ದಿರಲಿಲ್ಲ. ಬಿದ್ದಿದ್ದನ್ನು ಅಕ್ಕ ಒಳ್ಳೆಯ ಸುದ್ದಿ ಅಂದುಕೊಂಡಿದ್ದಳು.

ಹುಡುಗ ದಪ್ಪಗಿದ್ದಾನಾ? ಇಲ್ಲವೇ ಇಲ್ಲ. ಮನೆಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಪೈಲ್ವಾನ್ ಅಂತಲೇ ಕರೆಯುವುದು.

ಅಕ್ಕ ಯಾಕೆ ಲ್ಯಾಬಿಗೆ ಓಡಿದಳು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಬೇಸಿಗೆಯ ಕೊನೆಗೆ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಎಂಬ ಸುದ್ದಿ ಟಿವಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡುತ್ತಿತ್ತು. ಅವರಲ್ಲಿ ಕೆಲವರು ಇಪ್ಪತ್ತು, ಮೂವತ್ತರ ವಯಸ್ಸಿನವರು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯಾಘಾತ ದಿಢೀರನೆ ಏರಿದೆ ಎನ್ನಲು ಆಧಾರವಿಲ್ಲ ಎಂದು ಸಮಿತಿ ಹೇಳಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟಿನಂಥ ಹಳೆಯ ಕಾರಣಗಳೇ ಇದ್ದವು. ಆದರೆ ಅಷ್ಟರಲ್ಲಿ ಭಯ ಮನೆಮನೆಗೆ ಹೋಗಿಯಾಗಿತ್ತು. ಶಾಲಾ ಮಕ್ಕಳಿಗೂ ಹೃದಯದ ತಪಾಸಣೆ ಆಗಬೇಕು ಎಂಬ ಮಾತು ಶುರುವಾಯಿತು.

ಈ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಗಂಟಾಗಿಬಿಟ್ಟಿವೆ. ಮೊದಲು ಆ ಗಂಟು ಬಿಚ್ಚಬೇಕು.

ಆಟದ ಮೈದಾನದಲ್ಲೋ ತರಗತಿಯಲ್ಲೋ ಮಗುವೊಂದು ಕುಸಿದು ಬಿತ್ತು ಅಂದರೆ ಟಿವಿಯಲ್ಲಿ 'ಹೃದಯಾಘಾತ' ಎಂದೇ ಬರುತ್ತದೆ. ಆದರೆ ಮಕ್ಕಳಲ್ಲಿ ಹೀಗಾಗುವುದಕ್ಕೆ ಕೊಲೆಸ್ಟ್ರಾಲ್ ಕಾರಣವಾಗುವುದು ತೀರಾ ಅಪರೂಪ. ಹುಟ್ಟಿನಿಂದ ಬಂದ ಹೃದಯದ ದೋಷ, ಹೃದಯದ ಸ್ನಾಯು ವಿಪರೀತ ದಪ್ಪವಾಗುವ ವಂಶದ ಕಾಯಿಲೆ, ಬಡಿತದ ವಿದ್ಯುತ್ ವ್ಯವಸ್ಥೆಯಲ್ಲಿನ ತೊಂದರೆ, ವೈರಸ್ ತಗುಲಿ ಹೃದಯಕ್ಕೆ ಬರುವ ಊತ, ಇವು ಅಲ್ಲಿನ ಕಾರಣಗಳು. ಇವನ್ನು ಲಿಪಿಡ್ ಪ್ರೊಫೈಲ್ ಹಿಡಿಯುವುದಿಲ್ಲ. ಅಕ್ಕ ಯಾವ ಹೆದರಿಕೆಗೆ ಈ ಟೆಸ್ಟ್ ಮಾಡಿಸಿದಳೋ ಆ ಹೆದರಿಕೆಗೆ ಈ ಟೆಸ್ಟಿನಲ್ಲಿ ಉತ್ತರವೇ ಇರಲಿಲ್ಲ.

ರಕ್ತದ ಕೊಬ್ಬಿನ ಕಥೆ ಬೇರೆ. ಅದು ನಿಧಾನದ್ದು. ಎಂಟರಲ್ಲಿ ಶುರುವಾಗಿ ನಲವತ್ತೆಂಟರಲ್ಲಿ ಬಾಗಿಲು ತಟ್ಟುವಂಥದ್ದು.

ಅಷ್ಟು ಬೇಗ ಶುರುವಾಗುತ್ತದೆ ಅಂತ ಗೊತ್ತಾಗಿದ್ದು ಯುದ್ಧದಿಂದ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಕೊಯ್ದು ನೋಡಿದರು. ಸರಾಸರಿ ವಯಸ್ಸು 22. ನೂರಕ್ಕೆ 77 ಜನರ ಹೃದಯದ ರಕ್ತನಾಳಗಳಲ್ಲಿ ಕಣ್ಣಿಗೆ ಕಾಣುವಷ್ಟು ಕಾಯಿಲೆಯ ಗುರುತು ಇತ್ತು. 1953ರಲ್ಲಿ ಇದು ಪ್ರಕಟವಾದಾಗ ಜನ ದಂಗಾದರು. ಅದುವರೆಗೆ ಹೃದಯದ ಕಾಯಿಲೆ ಅಂದರೆ ತಲೆ ನರೆತವರ ಕಾಯಿಲೆ. ಆಮೇಲೆ 1973ರಲ್ಲಿ ಅಮೆರಿಕದ ಲೂಸಿಯಾನಾದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ ಡಾ. ಜೆರಾಲ್ಡ್ ಬೆರೆನ್ಸನ್ ಊರಿನ ಮಕ್ಕಳನ್ನೇ ಅಳೆಯಲು ಶುರುಮಾಡಿದರು. ತೂಕ, ಬಿಪಿ, ರಕ್ತದ ಕೊಬ್ಬು. ಕೆಲವು ವರ್ಷಕ್ಕೊಮ್ಮೆ ಮತ್ತೆ ಅದೇ ಮಕ್ಕಳು. ಅಪಘಾತದಲ್ಲೋ ಇನ್ನೊಂದರಲ್ಲೋ ಎಳೆ ವಯಸ್ಸಿನಲ್ಲಿ ತೀರಿಕೊಂಡವರ ರಕ್ತನಾಳಗಳನ್ನು ಹಳೆಯ ಅಂಕಿಗಳ ಜೊತೆ ಹೋಲಿಸಿ ನೋಡಿದಾಗ, ಬದುಕಿದ್ದಾಗ ಕೊಲೆಸ್ಟ್ರಾಲ್, ಬಿಪಿ, ತೂಕ ಜಾಸ್ತಿ ಇದ್ದವರ ನಾಳದ ಗೋಡೆಗಳಲ್ಲಿ ಕೊಬ್ಬಿನ ಹಳದಿ ಗೆರೆಗಳೂ ಜಾಸ್ತಿ ಇದ್ದವು.

ಇಷ್ಟಿದ್ದರೂ ಒಂದು ಅನುಮಾನ ಉಳಿದಿತ್ತು. ಗೆರೆ ಇದ್ದರೇನು, ಆ ಮಕ್ಕಳು ಮುಂದೆ ನಿಜಕ್ಕೂ ಹೃದಯಾಘಾತಕ್ಕೆ ಒಳಗಾದರಾ? ಅದಕ್ಕೆ ಉತ್ತರ ಸಿಕ್ಕಿದ್ದು 2022ರಲ್ಲಿ. ಅಮೆರಿಕ, ಫಿನ್ಲೆಂಡ್, ಆಸ್ಟ್ರೇಲಿಯಾಗಳ ಹಳೆಯ ಅಧ್ಯಯನಗಳನ್ನು ಕೂಡಿಸಿ, ಬಾಲ್ಯದಲ್ಲಿ ಅಳೆದಿದ್ದ 38,589 ಜನರನ್ನು ಸರಾಸರಿ 35 ವರ್ಷದ ನಂತರ ಹುಡುಕಿ ನೋಡಿದರು. ತೂಕ, ಬಿಪಿ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್, ಹದಿಹರೆಯದ ಸಿಗರೇಟು, ಈ ಐದೂ ಮುಂದಿನ ಹೃದಯಾಘಾತ, ಪಾರ್ಶ್ವವಾಯುಗಳ ಜೊತೆ ತಳುಕು ಹಾಕಿಕೊಂಡಿದ್ದವು.

ಈಗ ನಮ್ಮ ಮನೆಗೆ ಬರೋಣ. ಭಾರತದಲ್ಲಿ ಇದರ ಅಂಕಿಗಳೇ ಇರಲಿಲ್ಲ ಎನ್ನುವ ಕಾಲ ಹೋಯಿತು. 2016ರಿಂದ 2018ರವರೆಗೆ ಕೇಂದ್ರ ಆರೋಗ್ಯ ಇಲಾಖೆ ಮತ್ತು ಯುನಿಸೆಫ್ ಸೇರಿ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಮಾಡಿದವು. 30 ರಾಜ್ಯಗಳು, 1,12,000ಕ್ಕೂ ಹೆಚ್ಚು ಮಕ್ಕಳು. ಅವರಲ್ಲಿ ಸುಮಾರು 51,000 ಮಕ್ಕಳ ರಕ್ತ, ಮೂತ್ರದ ಪರೀಕ್ಷೆಯೂ ಆಯಿತು. ಅಪೌಷ್ಟಿಕತೆ ಹುಡುಕಲು ಹೊರಟ ಸಮೀಕ್ಷೆ ಇದು. ಸಿಕ್ಕಿದ್ದು ಅದೊಂದೇ ಅಲ್ಲ.

ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ನೂರಕ್ಕೆ 3. ನಮ್ಮ ಭಯವೆಲ್ಲ ಇರುವುದು ಇದರ ಮೇಲೆ, ಮತ್ತು ಇದು ಅಷ್ಟೇನೂ ದೊಡ್ಡ ಅಂಕಿ ಅಲ್ಲ. ಎಚ್‌ಡಿಎಲ್ ಕಮ್ಮಿ ಇದ್ದವರು ನೂರಕ್ಕೆ 26. ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ನೂರಕ್ಕೆ 34. ಮೂವರಲ್ಲಿ ಒಬ್ಬರು!

2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಅಂಕಿಅಂಶ ಇಲಾಖೆ ಇದೇ ಅಂಕಿಯನ್ನು ಮಕ್ಕಳ ಕುರಿತ ತನ್ನ ವರದಿಯಲ್ಲಿ ಮತ್ತೆ ಅಚ್ಚು ಹಾಕಿದಾಗ ಪತ್ರಿಕೆಗಳು ಹೊಸದೇನೋ ಎಂಬಂತೆ ಬರೆದವು. ಸಮೀಕ್ಷೆ ಹಳೆಯದು, ಕೋವಿಡ್‌ಗಿಂತ ಮುಂಚಿನದು. ಆ ಎರಡು ವರ್ಷ ಮಕ್ಕಳು ಮೊಬೈಲ್ ಹಿಡಿದು ಮನೆಯೊಳಗೆ ಕೂತಿದ್ದು ಅದರಲ್ಲಿ ಇಲ್ಲ.

ಅಂಕಿಯನ್ನು ಸ್ವಲ್ಪ ಕೆದಕಿದರೆ ಇನ್ನೂ ಕುತೂಹಲದ ವಿಷಯ ಸಿಗುತ್ತದೆ. ಅದೇ ಸಮೀಕ್ಷೆಯಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ ಇದ್ದವರು ನೂರಕ್ಕೆ 16 ಮಾತ್ರ. ಹಾಗಾದರೆ ದೊಡ್ಡವರಾಗುತ್ತಾ ಮಕ್ಕಳು ತಾವೇ ಸರಿಹೋಗುತ್ತಾರಾ? ಹಾಗೆಂದುಕೊಳ್ಳಬೇಡಿ. ಇಲ್ಲಿ ಗೆರೆಯೇ ಬೇರೆ. ಒಂಬತ್ತು ವರ್ಷದವರೆಗೆ 100 ಮುಟ್ಟಿದರೆ ಜಾಸ್ತಿ. ಹತ್ತು ತುಂಬಿದ ಮೇಲೆ 130 ಮುಟ್ಟಬೇಕು. ರಕ್ತದಲ್ಲಿ 115 ಇರುವ ಹುಡುಗಿ ಹತ್ತನೇ ಹುಟ್ಟುಹಬ್ಬದ ಹಿಂದಿನ ದಿನ 'ಜಾಸ್ತಿ' ಪಟ್ಟಿಯಲ್ಲಿ ಇರುತ್ತಾಳೆ, ಕೇಕ್ ತಿಂದ ಮಾರನೇ ದಿನ ಇರುವುದಿಲ್ಲ. ಈ ಗೆರೆಗಳು ಮೂಲದಲ್ಲಿ ಅಮೆರಿಕದ ಮಕ್ಕಳ ಅಳತೆಯಿಂದ ಬಂದವು. ಅಲ್ಲಿ ನೂರಕ್ಕೆ ಸುಮಾರು ಐದು ಮಕ್ಕಳು ಮಾತ್ರ ದಾಟುತ್ತಿದ್ದ ಗೆರೆ. ಅದನ್ನು ನಮ್ಮ ನೂರರಲ್ಲಿ 34 ಮಕ್ಕಳು ದಾಟಿದ್ದಾರೆ. 105 ಇರುವ ಮಗುವಿಗೆ ಕಾಯಿಲೆ ಇದೆ ಅಂತ ಇದರ ಅರ್ಥವಲ್ಲ. ಆದರೆ ಇಡೀ ಗುಂಪೇ ಆ ಕಡೆಗೆ ಸರಿದು ನಿಂತಿದೆ.

ಇನ್ನೊಂದು ಲೆಕ್ಕ ನನ್ನನ್ನು ತುಂಬಾ ಕಾಡಿದ್ದು. ಅದೇ ವಯಸ್ಸಿನ ಮಕ್ಕಳಲ್ಲಿ ದಪ್ಪಗಿದ್ದವರು ನೂರಕ್ಕೆ 4. ತೀರಾ ತೆಳ್ಳಗಿದ್ದವರು 23. ಆ ನಾಲ್ಕೂ ದಪ್ಪ ಮಕ್ಕಳಿಗೆ ಟ್ರೈಗ್ಲಿಸರೈಡ್ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಉಳಿದ 30 ಮಕ್ಕಳು ಯಾರು? ನೋಡಲು ಸರಿಯಾಗಿಯೇ ಇರುವವರು, ಇಲ್ಲವೇ ಸಣಕಲಾಗಿ ಇರುವವರು. ನಮ್ಮ ಕಡ್ಡಿ ಪೈಲ್ವಾನನಂಥವರು. ರಾಜ್ಯವಾರು ನೋಡಿದರೂ ಇದೇ ಕಥೆ. ಪಶ್ಚಿಮ ಬಂಗಾಳ, ಸಿಕ್ಕಿಂ, ಅಸ್ಸಾಂ, ನಾಗಾಲ್ಯಾಂಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಗೆರೆ ದಾಟಿದ್ದರು. ಕೇರಳ, ಮಹಾರಾಷ್ಟ್ರಗಳಲ್ಲಿ ನೂರಕ್ಕೆ ಇಪ್ಪತ್ತೂ ಇಲ್ಲ. ಪಿಜ್ಜಾ ತಿನ್ನುವ ಸಿರಿವಂತ ಮಕ್ಕಳ ಕಾಯಿಲೆ ಇದಾಗಿದ್ದರೆ ಭೂಪಟ ಹೀಗೆ ಇರುತ್ತಿರಲಿಲ್ಲ.

ಹಾಗಾದರೆ ತೆಳ್ಳಗಿನ ಮಗುವಿನ ರಕ್ತಕ್ಕೆ ಕೊಬ್ಬು ಬಂದಿದ್ದೆಲ್ಲಿಂದ?

ತುಪ್ಪದಿಂದ ಅಂತ ನಮ್ಮ ಅಜ್ಜಿಯರನ್ನು ಬೈಯುವವರಿದ್ದಾರೆ. ಟ್ರೈಗ್ಲಿಸರೈಡಿನ ವಿಷಯದಲ್ಲಿ ಅದು ಪೂರ್ತಿ ಸರಿಯಲ್ಲ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಸಕ್ಕರೆ, ಮೈದಾ, ಬಿಳಿ ಅನ್ನ ಹೊಟ್ಟೆಗೆ ಬಿದ್ದರೆ ಪಿತ್ತಜನಕಾಂಗ, ಅಂದರೆ ಲಿವರ್, ಆ ಸಕ್ಕರೆಯನ್ನೇ ಕೊಬ್ಬಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಆ ಕೊಬ್ಬೇ ಟ್ರೈಗ್ಲಿಸರೈಡ್. ಓಡಾಡಿದರೆ ಸ್ನಾಯುಗಳು ಅದನ್ನು ಸುಟ್ಟುಕೊಳ್ಳುತ್ತವೆ. ಕೂತಿದ್ದರೆ ರಕ್ತದಲ್ಲೇ ಸುತ್ತುತ್ತಿರುತ್ತದೆ. ಅದು ಏರಿದ ಕಡೆ ಎಚ್‌ಡಿಎಲ್ ಇಳಿಯುತ್ತದೆ. ಎಲ್‌ಡಿಎಲ್ ಕಣಗಳು ಸಣ್ಣದಾಗಿ, ಗಟ್ಟಿಯಾಗಿ, ನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುವಂತಾಗುತ್ತವೆ. ಎಲ್‌ಡಿಎಲ್ ಅಂಕಿ 86 ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳಲು ಆಗದಿರುವುದು ಇದಕ್ಕೇ. ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ, ಎಲ್‌ಡಿಎಲ್ ನೋಡಲು ಸಾಧಾರಣ: ನಮ್ಮ ದೇಶದ ದೊಡ್ಡವರ ರಿಪೋರ್ಟುಗಳಲ್ಲಿ ವೈದ್ಯರು ದಿನಾ ನೋಡುವ ಜೋಡಿ ಇದು. ಈಗ ಅದು ಮೂರನೇ ಕ್ಲಾಸಿನ ಹುಡುಗನ ರಿಪೋರ್ಟಿನಲ್ಲಿದೆ.

ಭಾರತೀಯರು ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಸುಮಾರು 62 ಪಾಲನ್ನು ಪಿಷ್ಟ, ಸಕ್ಕರೆಗಳಿಂದಲೇ ಪಡೆಯುತ್ತಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಅಧ್ಯಯನ 2025ರಲ್ಲಿ ಹೇಳಿತು. ಅದರಲ್ಲಿ ಬಹುಪಾಲು ಪಾಲಿಶ್ ಮಾಡಿದ ಅಕ್ಕಿ, ಗಿರಣಿ ಹಿಟ್ಟು, ಸಕ್ಕರೆ. ಸಿರಿಧಾನ್ಯ ಇನ್ನೂ ನಿತ್ಯದ ಊಟವಾಗಿ ಉಳಿದಿರುವುದು ಮೂರೇ ರಾಜ್ಯಗಳಲ್ಲಿ, ಕರ್ನಾಟಕ ಅದರಲ್ಲಿ ಒಂದು. ಮುದ್ದೆ ಉಣ್ಣುವ ನಾಡು ಎನ್ನುವ ಹೆಮ್ಮೆ ನಮಗಿದೆ. ಆದರೆ ಅಕ್ಕನ ಮನೆಯಲ್ಲಿ ಮುದ್ದೆ ಉಣ್ಣುವುದು ಭಾವ ಮತ್ತು ಅತ್ತೆ. ಹುಡುಗನಿಗೆ ಬೆಳಿಗ್ಗೆ ಬಿಸ್ಕತ್ತು ಅದ್ದಿದ ಹಾಲು, ಡಬ್ಬಿಗೆ ಚಿತ್ರಾನ್ನ ಇಲ್ಲವೇ ನೂಡಲ್ಸು, ಸಂಜೆ ಬೇಕರಿಯ ಬನ್ನು, ರಾತ್ರಿ ಅನ್ನ ಮೊಸರು. ಒಂದು ದಿನದ ಲೆಕ್ಕ ಬರೆದುಕೊಂಡು ಕಳಿಸು ಅಂದಿದ್ದೆ, ಅವಳು ಕಳಿಸಿದ್ದು ಇದು. ಎಣ್ಣೆ ಅಂಥಾ ಜಾಸ್ತಿ ಏನಿಲ್ಲ. ಬೇಳೆ, ಕಾಳು, ತರಕಾರಿ, ಮೊಟ್ಟೆಯ ಹೆಸರೂ ಇಲ್ಲ. ಬೆಂಗಳೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟವರು ಹಾಸನದ ಕಡೆಯವರೇ ಎನ್ನುವುದು ನೆನಪಾಗಿ ನಗು ಬಂತು. ಖಾರ ಬನ್ ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಅದು ದಿನಾ ಸಂಜೆಯ ತಿಂಡಿ ಆಗಿದ್ದು ಈಚೆಗೆ.

ಸಿಹಿ ಪಾನೀಯದ್ದು ಇನ್ನೂ ನೇರ ಲೆಕ್ಕ. 250 ಮಿಲಿಯ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಆರು ಚಮಚದ ಮೇಲೆ. ಕಾಫಿಗೆ ಆರು ಚಮಚ ಸಕ್ಕರೆ ಹಾಕಿ ಮಗುವಿಗೆ ಕೊಡಿ ಎಂದರೆ ಯಾವ ತಾಯಿಯೂ ಕೊಡುವುದಿಲ್ಲ. 2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಬರೆದ ಫಲಕ. ಜುಲೈನಲ್ಲಿ ಎಣ್ಣೆಗೂ ಅಂಥದ್ದೇ ಫಲಕ. ಒಳ್ಳೆಯ ಕೆಲಸವೇ. ಆದರೆ ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಿಂದಲೇ ಇದೆ. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ ಹತ್ತಿರದ ಪೆಟ್ಟಿಗೆ ಅಂಗಡಿಗೆ ಎಷ್ಟು ಹೆಜ್ಜೆ ಅಂತ ಒಮ್ಮೆ ಎಣಿಸಿ.

ಇಲ್ಲಿ ಮೊಟ್ಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅಕ್ಕ ಕೇಳಿದ ಎರಡನೇ ಪ್ರಶ್ನೆಯೇ ಅದು. ಸರ್ಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ. "ಆರು ದಿನ ಮೊಟ್ಟೆ ತಿಂದ್ರೆ ಕೊಲೆಸ್ಟ್ರಾಲ್ ಬರಲ್ವೇನೋ?" ಮೊಟ್ಟೆಯ ಹಳದಿಯಲ್ಲಿ ಕೊಲೆಸ್ಟ್ರಾಲ್ ಇರುವುದು ನಿಜ. ಆದರೆ ತಿಂದ ಕೊಲೆಸ್ಟ್ರಾಲ್ ಹಾಗ್ಹಾಗೇ ರಕ್ತದ ಕೊಲೆಸ್ಟ್ರಾಲ್ ಆಗುವುದಿಲ್ಲ. ಹೆಚ್ಚಿನ ಪಾಲನ್ನು ಲಿವರ್ ತಾನೇ ತಯಾರಿಸುತ್ತದೆ. ಮೊಟ್ಟೆಯಿಂದ ಟ್ರೈಗ್ಲಿಸರೈಡ್ ಅಂತೂ ಏರುವುದಿಲ್ಲ. ಬೆಳೆಯುವ ಮಗುವಿಗೆ, ಅದರಲ್ಲೂ ಅನ್ನವೇ ಮುಖ್ಯವಾದ ತಟ್ಟೆಗೆ, ಮೊಟ್ಟೆ ಸೇರುವುದು ಪ್ರೊಟೀನ್ ಸೇರಿದಂತೆ. ಬೇಡ ಎನ್ನುವವರಿಗೆ ಬಾಳೆಹಣ್ಣು ಇದೆ. ಎಲ್‌ಡಿಎಲ್ ವಂಶದಿಂದಲೇ ಜಾಸ್ತಿ ಇರುವ ಮಕ್ಕಳ ಮಾತು ಬೇರೆ, ಅವರು ವೈದ್ಯರನ್ನು ಕೇಳಬೇಕು. ಉಳಿದವರು ಮೊಟ್ಟೆಗೆ ಹೆದರಿ ಬಿಸ್ಕತ್ತು ಕೊಡುವುದು ತಲೆಕೆಳಗಾದ ಲೆಕ್ಕ.

ಊಟ ಒಂದೇ ಆಗಿದ್ದರೆ ಕಥೆ ಸುಲಭ ಇತ್ತು. ನಮ್ಮ ಮೈಯ ರಚನೆಯೂ ಇದರಲ್ಲಿದೆ. 2004ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಫೋಟೊ ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರ ತೂಕದ ಲೆಕ್ಕ ಇಬ್ಬರದ್ದೂ ಒಂದೇ, ಬಿಎಂಐ 22.3. ಮೈಯೊಳಗಿನ ಕೊಬ್ಬು ಅಳೆದರೆ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2. ತಕ್ಕಡಿಗೆ ಕಾಣದ ಈ ವ್ಯತ್ಯಾಸ ಹುಟ್ಟಿನಲ್ಲೇ ಇರುತ್ತದೆ ಎಂದು ಪುಣೆಯ ಹಳ್ಳಿಗಳ ಕೂಸುಗಳನ್ನು ಅಳೆದು ಅವರು ತೋರಿಸಿದ್ದರು. ಕೂಸಿನ ತೂಕ 2.7 ಕೆಜಿ, ಮಾಂಸಖಂಡ ಕಮ್ಮಿ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಇಂಗ್ಲೆಂಡಿನ 3.5 ಕೆಜಿ ಕೂಸಿಗೆ ಹತ್ತಿರ ಹತ್ತಿರ.

ಇದಕ್ಕೂ ಮೊದಲಿನ ಸುಳಿವು ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಎಲ್ಲರೂ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಫ್ತರದಲ್ಲಿ ಬರೆದಿಟ್ಟುಕೊಂಡಿತ್ತು. ಯಾಕೆ ಇಟ್ಟುಕೊಂಡಿದ್ದರೋ, ಆಗ ಯಾರಿಗೂ ಇದರ ಬೆಲೆ ಗೊತ್ತಿದ್ದಿರಲಾರದು. ಅರವತ್ತು ವರ್ಷದ ನಂತರ ಸಂಶೋಧಕರು ಆ ದಫ್ತರ ಹಿಡಿದು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನ ಸುತ್ತಲೇ ಇದ್ದ 517 ಜನರನ್ನು ಪತ್ತೆ ಮಾಡಿದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕೆಜಿ ದಾಟಿದ್ದವರಲ್ಲಿ 3. ತಾಯಿಯೂ ಬಸುರಿಯಲ್ಲಿ 45 ಕೆಜಿಗಿಂತ ಕಮ್ಮಿ ಇದ್ದು, ಕೂಸೂ ಸಣ್ಣಗಿದ್ದ ಕಡೆ 20. 1996ರಲ್ಲಿ ಇದು ಪ್ರಕಟವಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳ ಹಿಂದೆ ಬಿದ್ದ ಇನ್ನೊಂದು ಅಧ್ಯಯನ, ಬಸುರಿಯಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತರ ವಯಸ್ಸಿಗೇ ಕೊಬ್ಬು ಜಾಸ್ತಿ, ಇನ್ಸುಲಿನ್ ಕೆಲಸ ಕಮ್ಮಿ ಎಂದು ತೋರಿಸಿತು.

ಹಾಗಾಗಿ 'ಮಗು ಸಣ್ಣಗೆ ಹುಟ್ಟಿತ್ತು, ಈಗ ಚೆನ್ನಾಗಿ ತಿನ್ನಿಸಿ ದಪ್ಪ ಮಾಡೋಣ' ಎನ್ನುವ ನಮ್ಮ ಹಳೆಯ ಪ್ರೀತಿಯನ್ನು ಸ್ವಲ್ಪ ಯೋಚಿಸಿ ಮಾಡಬೇಕು. ಸಣ್ಣಗೆ ಹುಟ್ಟಿದ ಮಗು ಶಾಲೆಯ ವಯಸ್ಸಿನಲ್ಲಿ ಬೇಗ ಬೇಗ ತೂಕ ಏರಿಸಿಕೊಂಡರೆ ಅದು ಆಗುವುದು ಹೆಚ್ಚಾಗಿ ಕೊಬ್ಬಿನಿಂದ. ಮಾಂಸಖಂಡ ಬರಬೇಕಾದರೆ ಕಾಳು, ಮೊಟ್ಟೆ, ಹಾಲು, ಮತ್ತು ಮೈಮುರಿ ಆಟ. ದಿನಕ್ಕೆ ಒಂದು ಗಂಟೆ ಏದುಸಿರು ಬರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಿಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುವುದು ನಿಂತರೆ ಎಷ್ಟೋ ಆಯಿತು.

ಇನ್ನು ಜಗಳದ ವಿಷಯ: ಶಾಲೆಯಲ್ಲಿ ಎಲ್ಲ ಮಕ್ಕಳ ರಕ್ತ ತೆಗೆದು ಲಿಪಿಡ್ ನೋಡಬೇಕಾ?

ತಜ್ಞರಲ್ಲೇ ಒಮ್ಮತ ಇಲ್ಲ. ಅಮೆರಿಕದ ತಜ್ಞರ ಸಮಿತಿಯೊಂದು 2011ರಲ್ಲಿ ಹೌದು ಅಂದಿತು. 9ರಿಂದ 11 ವರ್ಷದೊಳಗೆ ಒಮ್ಮೆ, 17ರಿಂದ 21ರೊಳಗೆ ಇನ್ನೊಮ್ಮೆ. ನಡುವಿನ ವರ್ಷ ಬಿಟ್ಟಿದ್ದಕ್ಕೆ ಕಾರಣ ಇದೆ. ಮೈನೆರೆಯುವ ಕಾಲದಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತದೆ, ಆಗ ಅಳೆದರೆ ಮೋಸ ಹೋಗುತ್ತೇವೆ. ಅದೇ ದೇಶದ ಇನ್ನೊಂದು ಪರಿಣತರ ಮಂಡಳಿ 2016ರಲ್ಲೂ 2023ರಲ್ಲೂ, ಎಲ್ಲ ಮಕ್ಕಳನ್ನು ಪರೀಕ್ಷಿಸಿದರೆ ಲಾಭವೋ ನಷ್ಟವೋ ಹೇಳಲು ಪುರಾವೆ ಸಾಲದು ಅಂದಿತು. ಸ್ಲೊವೇನಿಯಾ ಎಂಬ ಪುಟ್ಟ ದೇಶ 1995ರಿಂದ ಐದು ವರ್ಷದ ಮಕ್ಕಳನ್ನೆಲ್ಲ ಪರೀಕ್ಷಿಸುತ್ತಿದೆ. ನಮ್ಮ ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ ನಡುವಿನ ದಾರಿ ಹಿಡಿದಿದೆ. ಮೊದಲ ಲಿಪಿಡ್ ಟೆಸ್ಟ್ 18ಕ್ಕೆ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಎರಡು ವರ್ಷದ ವಯಸ್ಸಿಗೇ.

ನನಗೆ ಈ ನಡುವಿನ ದಾರಿಯೇ ಸರಿ ಅನಿಸುತ್ತದೆ. ಕಾರಣ ಟ್ರೈಗ್ಲಿಸರೈಡಿನ ಸ್ವಭಾವ. ಹಿಂದಿನ ರಾತ್ರಿ ಮದುವೆ ಊಟ ಆಗಿದ್ದರೆ ಏರುತ್ತದೆ. ಕಳೆದ ವಾರ ಜ್ವರ ಬಂದಿದ್ದರೆ ಏರುತ್ತದೆ. ಖಾಲಿ ಹೊಟ್ಟೆ ಅಂತ ಹೇಳಿ ಬೆಳಿಗ್ಗೆ ಒಂದು ಲೋಟ ಹಾಲು ಕುಡಿದು ಹೋಗಿದ್ದರೂ ಏರಬಹುದು. ಒಂದೇ ಅಂಕಿ ಹಿಡಿದು ಮೂರರಲ್ಲೊಂದು ಮಗುವಿಗೆ 'ನಿನಗೆ ಹಾರ್ಟ್ ಪ್ರಾಬ್ಲಂ' ಅಂತ ಹಣೆಪಟ್ಟಿ ಹಚ್ಚಿದರೆ ಆಮೇಲೆ ಮಾಡುವುದೇನು? ಕೊಡುವ ಸಲಹೆ ಒಂದೇ: ಸಕ್ಕರೆ ಕಮ್ಮಿ ಮಾಡು, ಆಡು. ಅದನ್ನು ರಕ್ತ ತೆಗೆಯದೆಯೇ ಎಲ್ಲ ಮಕ್ಕಳಿಗೂ ಹೇಳಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹುಟ್ಟುದೋಷದ ಹೃದಯ, ಸಂಧಿವಾತ ಜ್ವರದಿಂದ ಕೆಟ್ಟ ಹೃದಯ ಇವನ್ನೆಲ್ಲ ಶಾಲೆಗಳಲ್ಲಿ ಹುಡುಕುತ್ತವೆ. ಅವರ ಕೆಲಸಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದರೆ ಸೂಜಿಯ ಖರ್ಚಿಲ್ಲದೆ ತುಂಬಾ ದೂರ ಹೋಗಬಹುದು: ಮನೆಯಲ್ಲಿ ಯಾರಿಗಾದರೂ ಗಂಡಸರಾದರೆ 55ಕ್ಕೆ ಮೊದಲು, ಹೆಂಗಸರಾದರೆ 65ಕ್ಕೆ ಮೊದಲು ಹೃದಯಾಘಾತ ಆಗಿತ್ತಾ?

ಆ ಪ್ರಶ್ನೆಯಿಂದ ಸಿಗುವವರು ಬೇರೆಯೇ ಮಕ್ಕಳು, ಮತ್ತು ಅವರಿಗೆ ಕಾಯುವ ಸಮಯ ಇಲ್ಲ. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವ ವಂಶದ ಕಾಯಿಲೆ ಸುಮಾರು 250–300 ಜನರಲ್ಲಿ ಒಬ್ಬರಿಗೆ ಇರುತ್ತದೆ. ಮಗು ಓಡಾಡಿಕೊಂಡು ಚೆನ್ನಾಗಿಯೇ ಇರುತ್ತದೆ, ಎಲ್‌ಡಿಎಲ್ ಮಾತ್ರ 190, 200. ತಂದೆ ತಾಯಿ ಇಬ್ಬರಿಂದಲೂ ಆ ದೋಷ ಬಂದರೆ ಎಲ್‌ಡಿಎಲ್ ಐನೂರರ ಹತ್ತಿರ ಹೋಗಿ, ಮೊಣಕೈ, ಮೊಣಕಾಲು, ಹಿಮ್ಮಡಿಯ ಮೇಲೆ ಹಳದಿ ಗಂಟುಗಳು ಏಳುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ಹದಿಹರೆಯದಲ್ಲೇ ಹೃದಯಾಘಾತ. ಇಬ್ಬರಿಂದಲೂ ಬರುವುದು ಬಹಳ ಅಪರೂಪ, ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಆ ಅಪರೂಪ ಸ್ವಲ್ಪ ಕಮ್ಮಿ ಅಪರೂಪ. ಮಗುವಿನ ಮೊಣಕೈಯಲ್ಲಿ ಹಳದಿ ಗಂಟು ಕಂಡರೆ ಚರ್ಮದ ಮುಲಾಮು ಹಚ್ಚುತ್ತಾ ಕೂರದೆ ಅವತ್ತೇ ಲಿಪಿಡ್ ನೋಡಿಸಬೇಕು.

ಇಂಥ ಮಕ್ಕಳಿಗೆ ಎಂಟು, ಹತ್ತರ ವಯಸ್ಸಿನಿಂದ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡುತ್ತಾರೆ. ಚಿಕ್ಕ ಮಗುವಿಗೆ ಜೀವನಪೂರ್ತಿ ಮಾತ್ರೆಯಾ ಎಂದು ಅಪ್ಪ ಅಮ್ಮ ಅಳುಕುವುದು ಸಹಜ. ನೆದರ್‌ಲೆಂಡ್ಸ್‌ನಲ್ಲಿ ಬಾಲ್ಯದಲ್ಲೇ ಮಾತ್ರೆ ಶುರುಮಾಡಿದ 214 ಮಕ್ಕಳನ್ನು 20 ವರ್ಷದ ನಂತರ ನೋಡಿದರು. 39ರ ವಯಸ್ಸಿನ ಹೊತ್ತಿಗೆ ಹೃದಯ, ರಕ್ತನಾಳದ ತೊಂದರೆ ಬಂದಿದ್ದು ಅವರಲ್ಲಿ ನೂರಕ್ಕೆ 1. ಅದೇ ಕಾಯಿಲೆ ಇದ್ದು, ಎಳವೆಯಲ್ಲಿ ಮಾತ್ರೆ ಸಿಗದ ಅವರ ಅಪ್ಪ ಅಮ್ಮಂದಿರಲ್ಲಿ ಅದೇ ವಯಸ್ಸಿಗೆ 26.

ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಫೋನಿನಲ್ಲಿ ಹೇಳುವಷ್ಟು ಹೇಳಿದೆ. ಮೂರು ತಿಂಗಳು ಸಂಜೆಯ ಬನ್ನು, ಬಾಟಲಿ ಪಾನೀಯ ನಿಲ್ಲಿಸು, ಡಬ್ಬಿಗೆ ಉಸ್ಲಿ ಹಾಕು, ಅವನನ್ನು ಬೀದಿಗೆ ಬಿಡು, ಆಮೇಲೆ ಜ್ವರ ಇಲ್ಲದ ವಾರದಲ್ಲಿ ಖಾಲಿ ಹೊಟ್ಟೆಗೆ ಇನ್ನೊಮ್ಮೆ ನೋಡಿಸಿ ಮಕ್ಕಳ ಡಾಕ್ಟರಿಗೆ ತೋರಿಸು. ಅಲ್ಲಿವರೆಗೆ ಲ್ಯಾಬಿನ ಬೋರ್ಡ್ ನೋಡಬೇಡ. ಕೊನೆಗೆ ಆ ಪ್ರಶ್ನೆ ಕೇಳಿದೆ.

"ಭಾವನ ಅಪ್ಪ ಹೋದಾಗ ಅವರಿಗೆ ಎಷ್ಟು ವಯಸ್ಸು?"

"ಭಾವ ಪಿಯುಸಿ ಓದ್ತಿದ್ರಂತೆ. ಮಾವನಿಗೊಂದು ನಲವತ್ತೊಂಬತ್ತು ಇರಬಹುದು. ಗದ್ದೆಯಿಂದ ಬಂದು ಎದೆ ಉರಿ ಅಂತ ಜಗಲಿ ಮೇಲೆ ಕೂತವರು. ಗ್ಯಾಸ್ ಅಂತ ಸೋಡಾ ಕುಡಿಸಿದ್ರಂತೆ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಭಾವನಿಗೆ ಈಗ ನಲವತ್ತೊಂದು.

ಎರಡು ವಾರ ಬೇಕಾಯಿತು ಅವರನ್ನು ಒಪ್ಪಿಸಲು. ಎಲ್‌ಡಿಎಲ್ 178 ಬಂತು, ಬಿಪಿಯೂ ಇತ್ತು. ಡಾಕ್ಟರ್ ಅವತ್ತೇ ಮಾತ್ರೆ ಬರೆದುಕೊಟ್ಟರು. ಅಪ್ಪನ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ ಹುಡುಗ ಪಕ್ಕದಲ್ಲೇ ನಿಂತು, "ಅಪ್ಪಾ, ಆ ಕಡೆ ನೋಡು, ನೋವಾಗಲ್ಲ" ಅಂತ ಹೇಳಿಕೊಡುತ್ತಿದ್ದನಂತೆ.